ಡಿಗ್ರಿ ಮುಗಿಸಿ ಎಲ್‌ಎಲ್‌ಬಿಗೆ ಹೊರಟವರೇ, ಫೀಸು ಕಟ್ಟುವ ಮೊದಲು ಇದನ್ನು ಓದಿ

ಆರೂ ಸೆಮಿಸ್ಟರ್ ಪಾಸಾಗಿ, ಕರಿ ಕೋಟು ಹೊಲಿಸಿಕೊಂಡು ಸನ್ನದಿಗೆ, ಅಂದರೆ ವಕೀಲಿಕೆಯ ಪರವಾನಗಿಗೆ, ಅರ್ಜಿ ಹಾಕಿದ ಹುಡುಗನೊಬ್ಬನ ಫೈಲು ವಕೀಲರನ್ನು ನೋಂದಾಯಿಸುವ ರಾಜ್ಯ ಬಾರ್ ಕೌನ್ಸಿಲ್‌ನಲ್ಲಿ ನಿಂತುಹೋಯಿತು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಇತ್ತು, ಬಿಎ ಇತ್ತು, ಎಲ್‌ಎಲ್‌ಬಿ ಇತ್ತು. ಪಿಯುಸಿಯದು ಇರಲಿಲ್ಲ. ಕಳೆದುಹೋಗಿದ್ದರೆ ಡೂಪ್ಲಿಕೇಟ್ ತರಬಹುದಿತ್ತು, ಆದರೆ ಅವನು ಪಿಯುಸಿ ಓದಿರಲೇ ಇಲ್ಲ. ಎಸ್‌ಎಸ್‌ಎಲ್‌ಸಿ ಆದಮೇಲೆ ಮುಕ್ತ ವಿಶ್ವವಿದ್ಯಾಲಯವೊಂದರ ಆರು ತಿಂಗಳ ಪೂರ್ವಸಿದ್ಧತಾ ಕೋರ್ಸ್ ಮುಗಿಸಿ ನೇರವಾಗಿ ಬಿಎಗೆ ಸೇರಿದ್ದ. ಲಾ ಕಾಲೇಜಿನವರು ಬಿಎ ಅಂಕ ನೋಡಿ ಸೀಟು ಕೊಟ್ಟರು, ಮೂರು ವರ್ಷ ಫೀಸು ತೆಗೆದುಕೊಂಡರು. ಹಿಂದಿನ ದಾಖಲೆ ಯಾರೂ ಕೇಳಲಿಲ್ಲ.

ಈ ಬರಹ ಅದಕ್ಕೇ. ಮೂರು ವರ್ಷದ ಎಲ್‌ಎಲ್‌ಬಿಗೆ ಸೀಟು ಸಿಗುವುದು ಕಷ್ಟವಲ್ಲ. ನಿಜವಾದ ತಪಾಸಣೆ ನಡೆಯುವುದು ಕೊನೆಯಲ್ಲಿ, ವಕೀಲರಾಗಿ ನೋಂದಾಯಿಸಿಕೊಳ್ಳುವಾಗ. ಅಡ್ಮಿಶನ್ ದಿನ ಕಣ್ಣಿಗೆ ಬೀಳದ ದೋಷ ಅವತ್ತು ಎದುರಿಗೆ ಬಂದು ಕೂರುತ್ತದೆ.

ಮೇಲಿನ ಹುಡುಗನಿಗೆ ಅಡ್ಡ ಬಂದದ್ದು ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳ 5ನೇ ನಿಯಮ. ದೂರಶಿಕ್ಷಣದಲ್ಲಿ ಪಿಯುಸಿ ಅಥವಾ ಡಿಗ್ರಿ ಮಾಡಿದವರಿಗೆ ಅದು ಅಡ್ಡಿ ಮಾಡುವುದಿಲ್ಲ, ಇದನ್ನು ಬಹಳ ಜನ ತಪ್ಪು ತಿಳಿದು ಸುಮ್ಮನೆ ಹೆದರುತ್ತಾರೆ. ಹತ್ತು, ಹನ್ನೆರಡು, ಆಮೇಲೆ ಡಿಗ್ರಿ, ಈ ಕ್ರಮ ತಪ್ಪಿರಬಾರದು ಅಷ್ಟೇ. ಮೂಲ ಅರ್ಹತೆಯೇ ಇಲ್ಲದೆ ಮುಕ್ತ ವಿವಿಯಲ್ಲಿ ನೇರವಾಗಿ ಡಿಗ್ರಿ ಪಡೆದವರು ಕಾನೂನು ಕೋರ್ಸಿಗೆ ಅರ್ಹರಲ್ಲ ಎಂದು ನಿಯಮದ ವಿವರಣೆ ಸ್ಪಷ್ಟವಾಗಿ ಹೇಳುತ್ತದೆ. 'ಈಗ ಸೇರಿಕೊಳ್ಳಿ, ಪಿಯುಸಿ ಆಮೇಲೆ ಓಪನ್ ಸ್ಕೂಲಿನಲ್ಲಿ ಬರೆದು ಸರಿಮಾಡಿಕೊಳ್ಳಬಹುದು' ಎಂದು ಕಾಲೇಜಿನವರು ಹೇಳಿದರೆ ಆ ಮಾತಿನ ಮೇಲೆ ಒಂದು ರೂಪಾಯಿ ಕಟ್ಟಬೇಡಿ. ಪಿಯುಸಿ ಬದಲು ಡಿಪ್ಲೊಮಾ ಮಾಡಿ ಲ್ಯಾಟರಲ್ ಎಂಟ್ರಿಯಲ್ಲಿ ಎಂಜಿನಿಯರಿಂಗ್ ಸೇರಿದವರೂ ಅಷ್ಟೇ: ಸೇರುವ ಮೊದಲು ವಿಶ್ವವಿದ್ಯಾಲಯಕ್ಕೂ ರಾಜ್ಯ ಬಾರ್ ಕೌನ್ಸಿಲ್‌ಗೂ ನಿಮ್ಮ ಎಲ್ಲಾ ಅಂಕಪಟ್ಟಿಗಳ ಜೆರಾಕ್ಸ್ ಇಟ್ಟು ಪತ್ರ ಬರೆದು, ಉತ್ತರವನ್ನು ಕಾಗದದ ಮೇಲೆ ಪಡೆಯಿರಿ. ಫೋನಿನಲ್ಲಿ 'ಆಗುತ್ತೆ ಬನ್ನಿ' ಅಂದದ್ದು ಲೆಕ್ಕಕ್ಕೆ ಬರುವುದಿಲ್ಲ.

ಅಂಕದ ವಿಷಯ. ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 40 ಬೇಕು. ಫಸ್ಟ್ ಕ್ಲಾಸ್ ಬಂದಿದೆ, ನನಗೇನು ಚಿಂತೆ ಅನ್ನುವವರೂ ಒಮ್ಮೆ ಕ್ಯಾಲ್ಕ್ಯುಲೇಟರ್ ತೆಗೆಯಿರಿ. ನಿಯಮ ಕೇಳುವುದು ಒಟ್ಟು ಅಂಕಗಳ ಶೇಕಡಾವಾರು. ನಿಮ್ಮ ವಿವಿ ಕ್ಲಾಸ್ ಘೋಷಿಸುವಾಗ ಭಾಷಾ ವಿಷಯಗಳನ್ನು ಬಿಟ್ಟು ಲೆಕ್ಕ ಹಾಕಿದ್ದರೆ ಎರಡು ಸಂಖ್ಯೆಗಳೂ ಬೇರೆ ಬೇರೆ ಬರುತ್ತವೆ. ಒಟ್ಟು 4200 ಅಂಕದ ಡಿಗ್ರಿಯಾದರೆ ಶೇ. 45 ಎಂದರೆ 1890. 1889 ಬಂದವರದು 44.98. ಅದನ್ನು ಯಾರಾದರೂ ರೌಂಡ್ ಆಫ್ ಮಾಡಿಕೊಂಡಾರು ಎಂದು ಕೂರುವ ಬದಲು ಐದನೇ ಸೆಮ್ ಫಲಿತಾಂಶ ಬಂದ ಕೂಡಲೇ ಲೆಕ್ಕ ಹಾಕಿ. ಕೊರತೆ ಕಂಡರೆ ಇಂಪ್ರೂವ್‌ಮೆಂಟ್ ಪರೀಕ್ಷೆಗೆ ಅವಕಾಶವಿದೆಯೇ ಎಂದು ಪರೀಕ್ಷಾ ವಿಭಾಗದಲ್ಲಿ ವಿಚಾರಿಸಿ. ಡಿಗ್ರಿ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಕೇಳಿದರೆ ತಡವಾಗಬಹುದು. ಸಿಜಿಪಿಎ ಇರುವವರು ಅದನ್ನು ಹತ್ತರಿಂದ ಗುಣಿಸಿ ಅರ್ಜಿಯಲ್ಲಿ ಬರೆದುಬಿಡುತ್ತಾರೆ. ಎಲ್ಲ ವಿವಿಗಳ ಸೂತ್ರವೂ ಅದಲ್ಲ. ಪರಿವರ್ತನೆಯ ಪ್ರಮಾಣಪತ್ರ ವಿವಿಯಿಂದಲೇ ತನ್ನಿ.

ಫೈನಲ್ ಇಯರ್ ಫಲಿತಾಂಶ ಬರುವ ಮೊದಲೇ 'ಪ್ರಾವಿಷನಲ್' ಎಂದು ಸೇರಿಸಿಕೊಳ್ಳುವ ಕಾಲೇಜುಗಳಿವೆ. ಒಂದು ಬ್ಯಾಕ್‌ಲಾಗ್ ಇದ್ದರೂ ಇದು ಅಪಾಯ. ಆ ಪೇಪರಿನ ಫಲಿತಾಂಶ ಅಡ್ಮಿಶನ್ ಕೊನೆಯ ದಿನಾಂಕ ದಾಟಿ ಬಂದರೆ, ವಿವಿ ನಿಮ್ಮ ಪ್ರವೇಶವನ್ನು ಅನುಮೋದಿಸದೆ ಬಿಡಬಹುದು. ಆಗ ಫೀಸೂ ಹೋಯಿತು, ವರ್ಷವೂ ಹೋಯಿತು.

ಪ್ರವೇಶ ಪರೀಕ್ಷೆಯ ಗೊಂದಲದಲ್ಲಿ ದುಡ್ಡು ಕಳೆದುಕೊಳ್ಳುವವರೂ ಇದ್ದಾರೆ. ನಗು ಬರುತ್ತದೆ, ಆದರೆ ಪ್ರತಿ ವರ್ಷವೂ ಆಗುವಂಥದ್ದು: 'ನನ್ನದು ಡಿಗ್ರಿ ಆಗಿದೆಯಲ್ಲ' ಎಂದು ರಾಷ್ಟ್ರೀಯ ಕಾನೂನು ವಿವಿಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್‌ನ ಪಿಜಿ ವಿಭಾಗಕ್ಕೆ ಅರ್ಜಿ ಹಾಕುವುದು. ಕ್ಲ್ಯಾಟ್ ಪಿಜಿ ಇರುವುದು ಎಲ್‌ಎಲ್‌ಬಿ ಮುಗಿಸಿದವರು ಎಲ್‌ಎಲ್‌ಎಂ ಸೇರಲು. ಕ್ಲ್ಯಾಟ್ ಯುಜಿ ಐದು ವರ್ಷದ ಕೋರ್ಸಿಗೆ. ಮೂರು ವರ್ಷದ ಎಲ್‌ಎಲ್‌ಬಿಗೂ ಈ ಎರಡಕ್ಕೂ ಸಂಬಂಧವಿಲ್ಲ. ಸಾಮಾನ್ಯ ವರ್ಗಕ್ಕೆ ಇದ್ದ 4000 ರೂಪಾಯಿ ಅರ್ಜಿ ಶುಲ್ಕ ಹೀಗೆ ನೀರುಪಾಲಾಗುತ್ತದೆ.

ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಮೂರು ವರ್ಷದ ಎಲ್‌ಎಲ್‌ಬಿಗೆ ಡಿಗ್ರಿ ಅಂಕವೇ ಆಧಾರ, ಸಿಇಟಿ ಬರೆಯಬೇಕಿಲ್ಲ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ 2022ರಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಆನರ್ಸ್ ಆರಂಭಿಸಿತು, ಅದಕ್ಕೆ ಎನ್‌ಎಲ್‌ಎಸ್‌ಎಟಿ ಎಂಬ ಪ್ರತ್ಯೇಕ ಪರೀಕ್ಷೆ. ದೆಹಲಿ ವಿವಿಗೆ ಸಿಯುಇಟಿ ಪಿಜಿ, ಮಹಾರಾಷ್ಟ್ರದ ಕಾಲೇಜುಗಳಿಗೆ ಎಂಎಚ್ ಸಿಇಟಿ. ಎನ್‌ಎಲ್‌ಎಸ್‌ಎಟಿಗೆ ಕ್ಲ್ಯಾಟ್‌ನ ಹಳೇ ಮಾಡ್ಯೂಲನ್ನೇ ಹೊಸ ರಟ್ಟು ಹಾಕಿ ಮಾರುವ ಕೋಚಿಂಗ್‌ಗಳ ಬಗ್ಗೆ ಹುಷಾರು. ಕ್ಲ್ಯಾಟ್ ಪೂರ್ತಿ ಬಹುಆಯ್ಕೆಯದು. ಎನ್‌ಎಲ್‌ಎಸ್‌ಎಟಿಯಲ್ಲಿ ಬಹುಆಯ್ಕೆಯ ಭಾಗದ ಜೊತೆ ಬರೆದು ಉತ್ತರಿಸುವ ಎರಡನೇ ಭಾಗವೂ ಇದೆ, ಕಾನೂನು ತರ್ಕದ ಪ್ರಶ್ನೆ ಮತ್ತು ಪ್ರಬಂಧ. ಬಿಕಾಂ, ಬಿಎಸ್ಸಿ ಹುಡುಗರು ಮಣ್ಣು ಮುಕ್ಕುವುದು ಇಲ್ಲೇ, ಏಕೆಂದರೆ ವಾದ ಕಟ್ಟಿ ಎರಡು ಪುಟ ಬರೆದು ಅಭ್ಯಾಸವೇ ಇರುವುದಿಲ್ಲ. ಪತ್ರಿಕೆಯ ಸಂಪಾದಕೀಯ ಓದಿ, ಅದರ ವಾದವನ್ನು ನಾಲ್ಕು ಸಾಲಿಗೆ ಇಳಿಸಿ, ಅದಕ್ಕೆ ಎದುರು ವಾದವನ್ನು ಗಡಿಯಾರ ಇಟ್ಟುಕೊಂಡು ಪೆನ್ನಿನಲ್ಲೇ ಬರೆಯಿರಿ. ಐದನೇ ಸೆಮ್‌ನಿಂದ ಶುರುಮಾಡಿದರೆ ಕೈ ಪಳಗುತ್ತದೆ.

ಈಗ ಏಜೆಂಟರ ವಿಷಯಕ್ಕೆ ಬರೋಣ. 'ಪಕ್ಕದ ರಾಜ್ಯದಲ್ಲಿ ಕಾಲೇಜು, ಎಕ್ಸಾಮಿಗೆ ಮಾತ್ರ ಹೋದರೆ ಸಾಕು, ಅಟೆಂಡೆನ್ಸ್ ನಾವು ನೋಡಿಕೊಳ್ಳುತ್ತೇವೆ.' ಈ ಮಾತು ಕೇಳಿದ ಕೂಡಲೇ ಎದ್ದು ಬನ್ನಿ. ಎಲ್‌ಎಲ್‌ಬಿ ರೆಗ್ಯುಲರ್ ಕೋರ್ಸು. ವಾರಕ್ಕೆ 30 ಗಂಟೆ ತರಗತಿ, ಪ್ರತಿ ವಿಷಯದಲ್ಲೂ ಶೇ. 70 ಹಾಜರಿ ಎಂದು ನಿಯಮವಿದೆ. ಬಲವಾದ ಕಾರಣವಿದ್ದರೆ ಮಾತ್ರ ಒಂದು ವಿಷಯದಲ್ಲಿ 65ರವರೆಗೆ ವಿನಾಯಿತಿ, ಅದೂ ಎಲ್ಲ ವಿಷಯ ಸೇರಿ 70 ಇದ್ದರೆ. ವಸತಿ ಕಾಲೇಜಲ್ಲದಿದ್ದರೆ ತರಗತಿ ಬೆಳಿಗ್ಗೆ 8ರಿಂದ ಸಂಜೆ 7ರೊಳಗೇ ಇರಬೇಕು. ಅಂಚೆ ಮೂಲಕ, ಆನ್‌ಲೈನ್ ಮೂಲಕ ವಕೀಲಿಕೆಗೆ ಅರ್ಹವಾಗುವ ಎಲ್‌ಎಲ್‌ಬಿ ನಮ್ಮ ದೇಶದಲ್ಲಿಲ್ಲ. ಬಿಜಿಎಲ್ (ಬ್ಯಾಚುಲರ್ ಆಫ್ ಜನರಲ್ ಲಾಸ್) ಎಂಬ ಹೆಸರಿನ ಡಿಗ್ರಿಯನ್ನು ಯಾರಾದರೂ ಮುಂದಿಟ್ಟರೆ, ಅದು ಓದಿಗೆ ಸರಿ, ಸನ್ನದಿಗಲ್ಲ.

ಬೇರೆಡೆ ಫುಲ್‌ಟೈಮ್ ಕೆಲಸದಲ್ಲಿರುವವರಿಗೆ ಒಂದು ಮಾತು. ಕಂಪನಿಯ ಬಯೋಮೆಟ್ರಿಕ್‌ನಲ್ಲೂ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಒಂದೇ ದಿನ ಹತ್ತೂವರೆಗೆ ನಿಮ್ಮ ಹೆಸರಿದ್ದರೆ ಎರಡರಲ್ಲಿ ಒಂದು ಸುಳ್ಳು. ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆ ಉದ್ಯೋಗ, ಹಾಜರಿ, ಏಕಕಾಲದ ಬೇರೆ ಕೋರ್ಸ್, ಕ್ರಿಮಿನಲ್ ಪ್ರಕರಣ ಇಷ್ಟರ ಬಗ್ಗೆಯೂ ವಿದ್ಯಾರ್ಥಿಯಿಂದ ಘೋಷಣೆ ಕೇಳುತ್ತದೆ. ಕಾಲೇಜುಗಳಲ್ಲಿ ಬಯೋಮೆಟ್ರಿಕ್ ಹಾಜರಿ ಮತ್ತು ಸಿಸಿಟಿವಿ ಇರಬೇಕೆಂದೂ ಹೇಳಿದೆ. ಸುಳ್ಳು ಘೋಷಣೆಗೆ ಸಹಿ ಹಾಕಿದವರು ನೀವೇ ಆಗಿರುತ್ತೀರಿ, ಏಜೆಂಟ್ ಆ ಹೊತ್ತಿಗೆ ನಂಬರ್ ಬದಲಿಸಿರುತ್ತಾನೆ. ಈಗಾಗಲೇ ಸನ್ನದು ಪಡೆದವರ ಪದವಿಗಳ ಪರಿಶೀಲನೆಗೂ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಉನ್ನತ ಸಮಿತಿ ನೇಮಿಸಿದೆ. ಸನ್ನದು ಸಿಕ್ಕಿತು, ಇನ್ನು ಯಾರು ಕೇಳುತ್ತಾರೆ ಎನ್ನುವ ಹಾಗಿಲ್ಲ.

ಎಂಕಾಂ ಜೊತೆಗೇ ಎಲ್‌ಎಲ್‌ಬಿ ಮಾಡಬಹುದೇ? ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ಎರಡು ಡಿಗ್ರಿಗೆ ಒಟ್ಟಿಗೆ ಅವಕಾಶ ಕೊಟ್ಟಿತಲ್ಲ ಎಂದು ಕೇಳುತ್ತಾರೆ. ಕಾನೂನು ಶಿಕ್ಷಣಕ್ಕೆ ಬಾರ್ ಕೌನ್ಸಿಲ್‌ನ 6ನೇ ನಿಯಮ ಬೇರೆಯೇ ಇದೆ, ಅದು ಇನ್ನೊಂದು ರೆಗ್ಯುಲರ್ ಕೋರ್ಸನ್ನು ಒಪ್ಪುವುದಿಲ್ಲ. ದೂರಶಿಕ್ಷಣದ ಕೋರ್ಸು, ಭಾಷೆ ಅಥವಾ ಕಂಪ್ಯೂಟರಿನ ಅಲ್ಪಾವಧಿ ಸರ್ಟಿಫಿಕೇಟ್ ಕೋರ್ಸುಗಳಿಗೆ ಮಾತ್ರ ವಿನಾಯಿತಿ.

ಕಾಲೇಜು ನೋಡುವಾಗ ವಿವಿಯ ಸಂಯೋಜನೆ (ಅಫಿಲಿಯೇಷನ್) ಮತ್ತು ಬಾರ್ ಕೌನ್ಸಿಲ್ ಅನುಮೋದನೆ ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇರುತ್ತದೆ ಎಂದಲ್ಲ. ಅನುಮೋದನೆಯ ಪತ್ರದಲ್ಲಿ ಮೂರು ವಿಷಯ ಓದಿ: ಯಾವ ಕೋರ್ಸಿಗೆ (ಐದು ವರ್ಷದ್ದಕ್ಕೆ ಇದ್ದು ಮೂರು ವರ್ಷದ್ದಕ್ಕೆ ಇಲ್ಲದಿರಬಹುದು), ಯಾವ ಶೈಕ್ಷಣಿಕ ವರ್ಷದವರೆಗೆ, ಎಷ್ಟು ಸೆಕ್ಷನ್. ಒಂದು ಸೆಕ್ಷನ್ನಿಗೆ 60 ಮಂದಿ. ಒಂದೇ ಸೆಕ್ಷನ್ ಇರುವ ಕಾಲೇಜು ನೂರನೆಯವರಿಗೂ ಸೀಟು ಕೊಡುತ್ತಿದ್ದರೆ ಆ ನಲವತ್ತು ಜನರ ಗತಿ ಏನು ಎಂದು ಆಫೀಸಿನಲ್ಲೇ ಕೇಳಿ. 'ಈ ವರ್ಷ ಹೊಸದಾಗಿ ಎಲ್‌ಎಲ್‌ಬಿ ಶುರುಮಾಡಿದ್ದೇವೆ' ಎಂಬ ಜಾಹೀರಾತು ಕಂಡರೆ ಇನ್ನೂ ಹೆಚ್ಚು ಎಚ್ಚರ ಬೇಕು, ಏಕೆಂದರೆ ಹೊಸ ಕಾನೂನು ಕಾಲೇಜುಗಳಿಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2025ರ ಆಗಸ್ಟ್‌ನಲ್ಲಿ ಮೂರು ವರ್ಷದ ತಡೆ ಹಾಕಿದೆ.

ದಾಖಲೆಗಳಲ್ಲಿ ಕೈಕೊಡುವುದು ಹೆಸರು. ಎಸ್‌ಎಸ್‌ಎಲ್‌ಸಿಯಲ್ಲಿ ಇನಿಷಿಯಲ್ ಹಿಂದೆ, ಡಿಗ್ರಿಯಲ್ಲಿ ಮುಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಡಿಗ್ರಿ ಅಂಕಪಟ್ಟಿಯ ತಪ್ಪನ್ನು ಅದೇ ಕಾಲೇಜಿನಲ್ಲಿ ಇರುವಾಗ ತಿದ್ದಿಸುವುದು ಸುಲಭ. ಬೇರೆ ವಿವಿಯಿಂದ ಬರುವವರು ಮೈಗ್ರೇಷನ್ ಸರ್ಟಿಫಿಕೇಟಿಗೆ ಫಲಿತಾಂಶ ಬಂದ ವಾರವೇ ಅರ್ಜಿ ಹಾಕಿ.

ಫೀಸು ಕಾಲೇಜಿನ ಹೆಸರಿನ ಬ್ಯಾಂಕ್ ಖಾತೆಗೇ ಹೋಗಲಿ, ರಸೀದಿ ಇರಲಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸ್ ತನ್ನಿ. ಅವನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂದು ಯುಜಿಸಿ 2018ರ ಅಕ್ಟೋಬರ್‌ನಲ್ಲೇ ಹೇಳಿದೆ. ಸೀಟು ಬಿಟ್ಟರೆ ಎಷ್ಟು ಹಣ ವಾಪಸ್ ಎಂಬುದೂ ಅದೇ ಅಧಿಸೂಚನೆಯಲ್ಲಿದೆ: ಅಡ್ಮಿಶನ್‌ನ ಕೊನೆಯ ದಿನಕ್ಕೆ 15 ದಿನ ಅಥವಾ ಇನ್ನೂ ಮುಂಚೆ ಬಿಟ್ಟರೆ ಪೂರ್ತಿ, ಆ 15 ದಿನದೊಳಗಾದರೆ ಶೇ. 90, ಕೊನೆಯ ದಿನ ದಾಟಿ 15 ದಿನದವರೆಗೆ 80, 30 ದಿನದವರೆಗೆ 50, ಆಮೇಲೆ ಏನೂ ಇಲ್ಲ. ಪೂರ್ತಿ ವಾಪಸ್ ಬರುವಾಗಲೂ ಸಂಸ್ಕರಣಾ ಶುಲ್ಕವೆಂದು ಗರಿಷ್ಠ 5000 ರೂಪಾಯಿ ಹಿಡಿಯಬಹುದು. ಬಿಡುವ ಅರ್ಜಿಯನ್ನು ಬರೆದೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ ಚೀಟಿ ಇಟ್ಟುಕೊಳ್ಳಿ, ದಿನಗಳ ಲೆಕ್ಕಕ್ಕೆ ನಿಮ್ಮ ಕೈಯಲ್ಲಿ ಅದೊಂದು ದಾಖಲೆಯಾದರೂ ಇರುತ್ತದೆ.