ಗಣೇಶಗುಡಿಯೋ, ತಟ್ಟೇಕಾಡೋ? ಬಳ್ಳಾರಿಯಿಂದ ಹಕ್ಕಿ ಫೋಟೋಗೆಂದು ಕ್ಯಾಮೆರಾ ಹಿಡಿದು ಹೊರಡುವವರಿಗೆ

ದಾರಿಯ ಲೆಕ್ಕದಲ್ಲಿ ಗಣೇಶಗುಡಿಯೇ ಸುಲಭ. ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿವರೆಗೆ ರೈಲು, ಮುಂದೆ ದಾಂಡೇಲಿ ಕಡೆ ಬಸ್. ತಟ್ಟೇಕಾಡು ಇರೋದು ಕೇರಳದ ಕೋತಮಂಗಲದ ಹತ್ತಿರ. ಹೋಗಿಬರೋದರಲ್ಲೇ ಅರ್ಧ ರಜೆ ಮುಗಿಯುತ್ತದೆ.

ನಿಜವಾದ ವ್ಯತ್ಯಾಸ ಫೋಟೋ ತೆಗೆಯುವ ರೀತಿಯಲ್ಲಿದೆ. ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್ ಎಂಬ ಕಾಡಿನ ವಸತಿಗೃಹದಲ್ಲಿ ಹಕ್ಕಿಗಳಿಗೆಂದೇ ನೀರು ಇಟ್ಟಿರುತ್ತಾರೆ. ಬೇಸಿಗೆಯಲ್ಲಿ ಕಾಡು ಒಣಗಿದಾಗ ಹಳದಿ ಮೈ, ಕೆಂಪು ಕೊರಳಿನ ಪಿಕಳಾರಗಳು ಸ್ನಾನಕ್ಕೆ ಇಳಿಯುತ್ತವೆ. ನೀವು ಸುಮ್ನೆ ಅಲ್ಲಾಡದೆ ಕೂತರೆ ಸಾಕು, ಹಕ್ಕಿ ಹತ್ತಿರದಲ್ಲೇ ಇರೋದರಿಂದ 300 ಎಂಎಂ ಲೆನ್ಸ್ ಕೂಡ ನಡೆಯುತ್ತದೆ. ದಾಂಡೇಲಿ ಸುತ್ತ ನಾಲ್ಕು ಜಾತಿಯ ಮಂಗಟ್ಟೆಗಳೂ ಇವೆ.

ತಟ್ಟೇಕಾಡು ನಡೆದು ಹುಡುಕುವವರಿಗೆ. ಅಲ್ಲಿನ ಕಪ್ಪೆಬಾಯಿ ಹಕ್ಕಿ ಹಗಲೆಲ್ಲ ಒಣ ಎಲೆಯ ಹಾಗೆ ಕೂತಿರುತ್ತದೆ. ಗೊತ್ತಿರುವ ಗೈಡ್ ಇಲ್ಲದೆ ಕಣ್ಣಿಗೆ ಬೀಳೋದು ಕಷ್ಟ. ಅವರ ಖರ್ಚನ್ನೂ ಬಜೆಟ್‌ಗೆ ಸೇರಿಸಿ.

ಎರಡೂ ಕಡೆ ಬೆಳಕು ಕಡಿಮೆ. ನಮ್ಮ ಕಡೆಯ ದರೋಜಿ ಕರಡಿಧಾಮದ ಬಿಸಿಲಿಗೆ ಹೊಂದಿಸಿದ ಸೆಟ್ಟಿಂಗ್ ಇಲ್ಲಿ ನಡೆಯಲ್ಲ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) 1600, 3200ಕ್ಕೆ ಏರಿಸಲು ಹೆದರಬೇಡಿ. ಫ್ಲ್ಯಾಶ್ ಮಾತ್ರ ಬೇಡ. ಮಳೆಗಾಲ ಎರಡಕ್ಕೂ ಬೇಡ, ಜಿಗಣೆ ಕಾಟ.

ಮೊದಲ ಸಲವಾದರೆ ನನ್ನ ಓಟು ಗಣೇಶಗುಡಿಗೆ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ವಾರದ ನಡುವೆ ಹೋಗಿ. ಶನಿವಾರ, ಭಾನುವಾರ ಲೆನ್ಸ್‌ಗಳೇ ಹಕ್ಕಿಗಳಿಗಿಂತ ಜಾಸ್ತಿ!