ಪೆರುವಿನ ಹೆಣ್ಣಿನ ಪತ್ರಗಳು, ಇಂಗ್ಲಿಷ್ ಪೇಪರ್‌ಬ್ಯಾಕ್: 4 ಸ್ಟಾರ್

ಮದಾಮ್ ದ ಗ್ರಾಫಿನ್ಯಿ 1747ರಲ್ಲಿ ಹೆಸರು ಹಾಕ್ದೇ ಅಚ್ಚು ಹಾಕಿಸಿದ ಫ್ರೆಂಚ್ ಕಾದಂಬರಿ, ಆ ಕಾಲಕ್ಕೆ ಯುರೋಪಲ್ಲಿ ಭರ್ಜರಿ ಓಡಿದ್ದು. ಜಿಲಿಯಾ ಅನ್ನೋ ಇಂಕಾ ರಾಜಮನೆತನದ ಹುಡುಗೀನ ಮದುವೆ ದಿನವೇ ಸ್ಪೇನಿನವರು ಸೂರ್ಯನ ಗುಡಿಯಿಂದ ಎಳ್ಕೊಂಡು ಹೋಗ್ತಾರೆ, ದಾರೀಲಿ ಫ್ರೆಂಚ್ ಹಡಗಿನವರ ಕೈಗೆ ಸಿಕ್ಕಿ ಪ್ಯಾರಿಸ್ ಸೇರ್ತಾಳೆ, ಸೆರೆ ಸಿಕ್ಕ ಹೊತ್ತಿಂದಲೇ ತಾನು ಮದುವೆ ಆಗಬೇಕಿದ್ದ ಆಜಾಗೆ ಮೊದಲು ದಾರಕ್ಕೆ ಗಂಟು ಹಾಕಿ ಸುದ್ದಿ ಇಡೋ ಇಂಕಾ ಪದ್ಧತೀಲಿ, ಆಮೇಲೆ ಫ್ರೆಂಚಲ್ಲಿ ಪತ್ರ ಬರೀತಾಳೆ.

ಒಂದು ಸೀನ್ ಓದಿ ಮೈ ಉರೀತು. ದೊಡ್ಡ ಮನೆ ಹೆಂಗಸೊಬ್ಬಳು ಜಿಲಿಯಾನ ಎಬ್ಬಿಸಿ ನಿಲ್ಲಿಸಿ, ಹಿಂದೆ ಮುಂದೆ ತಿರುಗಿಸಿ, ಬಟ್ಟೆಯ ಒಂದೊಂದು ತುಂಡನ್ನೂ ಮುಟ್ಟಿ ನೋಡಿ, ಸಾಲದು ಅಂತ ಒಬ್ಬ ಹುಡುಗನ್ನೂ ಕರೀತಾಳೆ, ಅವನು ಬಟ್ಟೆ ನೋಡೋ ನೆಪದಲ್ಲಿ ಎದೆಗೇ ಕೈ ಹಾಕ್ತಾನೆ. ಜಿಲಿಯಾ ಅವನನ್ನ ತಳ್ಳಿಬಿಡ್ತಾಳೆ. ಬೇರೆ ದೇಶದ ಹೆಣ್ಣು ಅಂದ್ರೆ ಅವರಿಗೆ ಮುಟ್ಟಿ ನೋಡೋ ವಸ್ತು ಅಷ್ಟೇ, ಮತ್ತೆ ಇದನ್ನ ಆ ಹೆಣ್ಣಿನ ಕಡೆಯಿಂದಾನೇ ಹೇಳ್ಸಿರೋದು ಗ್ರಾಫಿನ್ಯಿ ಧೈರ್ಯ.

ಆದ್ರೆ ಒಂದು ಸ್ಟಾರ್ ಕಟ್ ಮಾಡಿದ್ದಕ್ಕೆ ಕಾರಣ ಇದೆ. ಲೂಟಿಕೋರರು ಅಂದ್ರೆ ಸ್ಪೇನಿನವರು, ಫ್ರೆಂಚರು ಕಾಪಾಡೋರು! ಅದೇ ಹೊತ್ತಲ್ಲಿ ಫ್ರಾನ್ಸ್‌ನವರದೇ ಸಾಂ ದೊಮಾಂಗ್‌ನಲ್ಲಿ, ಅಂದ್ರೆ ಇವತ್ತಿನ ಹೈಟಿಯಲ್ಲಿ, ಆಫ್ರಿಕಾದಿಂದ ತಂದ ಗುಲಾಮರು ಕಬ್ಬಿನ ತೋಟದಲ್ಲಿ ಸಾಯ್ತಿದ್ರು, ಅದರ ಸುದ್ದಿ ಇಲ್ಲಿ ಇಲ್ಲ. ಫ್ರೆಂಚ್ ಲೇಖಕ ವೋಲ್ಟೇರ್ 1759ರ ಕ್ಯಾಂಡಿಡ್ ಕಥೇಲಿ ಕೈಕಾಲು ಕಡಿಸ್ಕೊಂಡ ಗುಲಾಮನ ಬಾಯಲ್ಲಿ ನೀವು ಯುರೋಪಲ್ಲಿ ಸಕ್ಕರೆ ತಿನ್ನೋದು ಈ ಬೆಲೆಗೆ ಅಂತ ಹೇಳಿಸ್ತಾನೆ, ಆದ್ರೆ ಜಾಗ ಡಚ್ಚರ ಸುರಿನಾಮ್. ಇನ್ನೊಬ್ಬ ಫ್ರೆಂಚ್ ಲೇಖಕ ಸ್ಯಾಂ ಲಾಂಬೇರ್ 1769ರಲ್ಲಿ ಗುಲಾಮರ ದಂಗೆ ಬಗ್ಗೆ ಬರೆದ್ರೂ ಅದು ಇಂಗ್ಲಿಷರ ಜಮೈಕಾ. ಪಾಪ ಯಾವಾಗ್ಲೂ ಪಕ್ಕದ ಮನೇದು, ತಮ್ಮ ಮನೆ ಬಾಗಿಲು ತೆಗೆಯೋಕೆ ಎಷ್ಟು ಭಯ ಇತ್ತು ಇವರಿಗೆ.

ಗುಡಿಯಿಂದ ದೋಚಿದ ಇಂಕಾ ಚಿನ್ನದ ಕುರ್ಚಿ ದುಡ್ಡಾಗಿ, ಕೊನೆಗೆ ಜಿಲಿಯಾ ಹೆಸರಲ್ಲಿ ಫ್ರಾನ್ಸಲ್ಲಿ ಒಂದು ಮನೆ, ಜಮೀನು ಆಗತ್ತೆ. ತನ್ನನ್ನ ಪ್ರೀತಿಸೋ ಫ್ರೆಂಚ್ ಹಡಗಿನ ಅಧಿಕಾರೀನ ಅವಳು ಮದುವೆ ಆಗಲ್ಲ, ಒಬ್ಬಳೇ ಇರ್ತೀನಿ ಅಂತಾಳೆ. ಆಮೇಲೆ ಫ್ರಾನ್ಸ್‌ನ ಹಣಕಾಸು ಮಂತ್ರಿಯಾದ ತ್ಯುರ್ಗೊ ಅಂಥ ದೊಡ್ಡ ಮನುಷ್ಯನೇ ಜಿಲಿಯಾಗೂ ಆಜಾಗೂ ಮದುವೆ ಮಾಡಿಸಿ ಅಂತ ಲೇಖಕಿಗೆ ಬರೆದಿದ್ದ, ಆಯಮ್ಮ 1752ರಲ್ಲಿ ಪುಸ್ತಕ ತಿದ್ದಿದಾಗ್ಲೂ ಬಗ್ಗಲಿಲ್ಲ.

ತಗೊಳ್ಳೋರು 41 ಪತ್ರ ಇರೋ 1752ರ ತಿದ್ದಿದ ಆವೃತ್ತಿಯ ಅನುವಾದ ನೋಡಿ ತಗೊಳ್ಳಿ, ಹೆಣ್ಮಕ್ಕಳ ಶಿಕ್ಷಣದ ಬಗ್ಗೆ ಇರೋ 34ನೇ ಪತ್ರ 1747ರದ್ರಲ್ಲಿ ಸಿಗಲ್ಲ.