ಬಿಳಿ ಬೋರ್ಡಿನ ಕಾರು ಬಾಡಿಗೆಗೆ ಹಿಡಿದು ದೂರ ಹೊರಡುವವರು ಇದೊಂದು ಓದಿ

ಮೊನ್ನೆ ಬದಿಯಡ್ಕದಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಕೇಳಿದರು, "ಟೀಚರೇ, ನೀವು ಕಳೆದ ರಜೆಯಲ್ಲಿ ಸೊಲ್ಲಾಪುರಕ್ಕೆ ಹೋದದ್ದು ಬಾಡಿಗೆ ಕಾರಲ್ಲಿ ಅಲ್ವಾ? ಆ ಹುಡುಗನ ನಂಬರ್ ಕೊಡಿ, ನಮಗೆ ಧರ್ಮಸ್ಥಳ, ಹಂಪಿ ಅಂತ ಒಂದು ಸುತ್ತು ಹೋಗ್ಲಿಕ್ಕುಂಟು." ಪಾಯಸದ ಹೊತ್ತಿಗೆ ಇಡೀ ಕಥೆ ಹೇಳಿ ಮುಗಿಸಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರವಾಸದ ಆಸೆ ಅಪ್ಪನದು. ಅವರು ನಿವೃತ್ತ ಹಿಂದಿ ಮಾಸ್ತರರು. ರಾಜ್ಯಗಳ ಗಡಿ ವಿವಾದದ ಬಗೆಗಿನ 1967ರ ಮಹಾಜನ ವರದಿಯ ವಿಷಯ ಬಂದರೆ ಕಾಫಿ ತಣಿದರೂ ಗೊತ್ತಾಗದ ಜಾತಿ. ಕೇರಳದ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯಿಂದ ಬಡಗಿನ ನಮ್ಮ ಊರುಗಳನ್ನು ಕರ್ನಾಟಕಕ್ಕೆ ಸೇರಿಸಬೇಕು ಎಂದ ಅದೇ ವರದಿ ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರವನ್ನೂ ಕರ್ನಾಟಕಕ್ಕೆ ಕೊಡಬೇಕು ಎಂದಿತ್ತು. ಎರಡೂ ಆಗಲಿಲ್ಲ. "ನಮ್ಮ ಹಾಗೇ ಹೊರಗುಳಿದವರು ಹೇಗೆ ಕನ್ನಡ ಮಾತಾಡ್ತಾರೆ ಅಂತ ಒಮ್ಮೆ ಕೇಳ್ಬೇಕು" ಎಂಬುದು ಅವರ ಎಷ್ಟೋ ವರ್ಷದ ಹಂಬಲ. ಕ್ರಿಸ್‌ಮಸ್ ರಜೆಗೆ ಹೊರಟೆವು: ಅಪ್ಪ, ಅಮ್ಮ, ನಾವಿಬ್ಬರು, ಮಕ್ಕಳಿಬ್ಬರು. ಕುಂಬಳೆಯಿಂದ ಸೊಲ್ಲಾಪುರಕ್ಕೆ ಹೋಗುವುದಕ್ಕೇ ಸುಮಾರು 700 ಕಿಲೋಮೀಟರು. ನಮ್ಮ ಹಳೇ ಆಲ್ಟೋದಲ್ಲಿ ಆರು ಮಂದಿ ಆಗುವ ಮಾತಲ್ಲ.

ಹಳದಿ ಬೋರ್ಡಿನ ಟ್ಯಾಕ್ಸಿಯವರು ಹೇಳಿದ ರೇಟು ಕೇಳಿ ಇವರು ಫೋನ್ ಇಟ್ಟುಬಿಟ್ಟರು. ಅಷ್ಟರಲ್ಲಿ ಪರಿಚಯದವರ ಪರಿಚಯದವನೊಬ್ಬ ಸಿಕ್ಕಿದ. ಬಿಳಿ ಬೋರ್ಡಿನ, ಅಂದರೆ ಖಾಸಗಿ, ಏಳು ಸೀಟಿನ ಗಾಡಿ, ದಿನಕ್ಕೆ 2,000, ಕಿಲೋಮೀಟರಿನ ಲೆಕ್ಕವಿಲ್ಲ, ನಾವೇ ಓಡಿಸಿಕೊಳ್ಳುವುದು. ಅಡ್ವಾನ್ಸ್ 10,000, ನನ್ನ ಆಧಾರ್ ಕಾರ್ಡಿನ ಒರಿಜಿನಲ್, ಜೊತೆಗೆ ಸಹಿ ಹಾಕಿದ ಖಾಲಿ ಚೆಕ್ ಒಂದು. ಶಾಲೆಯಲ್ಲಿ ಮಕ್ಕಳಿಗೆ ಓದದೆ ಸಹಿ ಹಾಕಬೇಡಿ ಎಂದು ಪಾಠ ಹೇಳುವವಳು ನಾನು! ಕೀಲಿ ಕೊಡುವಾಗ ಅವನು ಹೇಳಿದ ಮಾತು ಒಂದೇ: "ಯಾರಾದ್ರೂ ಕೇಳಿದ್ರೆ ಫ್ರೆಂಡಿನ ಗಾಡಿ ಅಂತ ಹೇಳಿ, ಸಾಕು." ಅಲ್ಲಿಗೇ ನಮಗೆ ಹೊಳೆಯಬೇಕಿತ್ತು.

ಹೋಗುವಾಗಿನ ದಾರಿ ಮಾತ್ರ ಭಾರೀ ಗಮ್ಮತ್ತಿನದು, ಸುಳ್ಳು ಹೇಳಬಾರದು. ಅಂಕೋಲಾದಲ್ಲಿ ಬಲಕ್ಕೆ ತಿರುಗಿ 52ನೇ ಹೆದ್ದಾರಿ ಹಿಡಿದರೆ ಅರಬೈಲು ಘಾಟಿ, ಯಲ್ಲಾಪುರ, ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ ಎಲ್ಲ ಅದೇ ರಸ್ತೆಯ ಮೇಲೆ. ನವಲಗುಂದ ದಾಟಿದ ಮೇಲೆ ಎರೆಹೊಲದ ನಡುವೆ ನೂಲು ಹಿಡಿದ ಹಾಗೆ ನೆಟ್ಟಗಿನ ದಾರಿ. ನಮ್ಮ ಕಡೆಯ ತಿರುವುಗಳಲ್ಲಿ ಓಡಿಸಿ ಅಭ್ಯಾಸವಾದ ಕಾಲು ತಾನಾಗಿ ಒತ್ತಿತು ಎನ್ನಿ. ಕೂಡಲೇ ಫೋನ್: "ಟೀಚರೇ, ನೂರು ದಾಟಿತು." ಗಾಡಿಯಲ್ಲಿ ಜಿಪಿಎಸ್ ಇಟ್ಟದ್ದನ್ನು ಅವನು ಹೇಳಿರಲಿಲ್ಲ. ನಾವು ಎಲ್ಲಿ ಊಟ ಮಾಡಿದೆವು, ಎಲ್ಲಿ ಮಲಗಿದೆವು ಎಲ್ಲವೂ ಅವನಿಗೆ ಗೊತ್ತು. ಕೊಲ್ಹಾರದಲ್ಲಿ ಮಣ್ಣಿನ ಗಡಿಗೆಯ ಮೊಸರು ತಿನ್ನುತ್ತಾ ಅಮ್ಮ "ಅವನಿಗೂ ಒಂದು ಗಡಿಗೆ ತಗೊಂಡು ಹೋಗುವನಾ?" ಎಂದರು. ಆಗ ನಕ್ಕಿದ್ದೆವು.

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಮಕ್ಕಳು ಗಂಟಲು ಕಟ್ಟುವವರೆಗೆ ಕೂಗಿದರು. ಧೂಳಖೇಡದ ಹತ್ತಿರ ಭೀಮಾ ನದಿ ದಾಟಿ ಮಹಾರಾಷ್ಟ್ರಕ್ಕೆ ಹೋದೆವು. ಸೊಲ್ಲಾಪುರದಲ್ಲಿ ಕೆರೆಯ ನಡುವಿನ ಸಿದ್ಧೇಶ್ವರನ ಗುಡಿ ನೋಡಿ, ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಂಡು, ಮರುದಿನ ಸಂಜೆ ಅಕ್ಕಲಕೋಟೆಯ ಕಡೆ ಹೊರಟೆವು. ಹೆಚ್ಚೆಂದರೆ 40 ಕಿಲೋಮೀಟರು. ಕಬ್ಬು ಕಡಿಯುವ ಕಾಲವದು. ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ, ರಸ್ತೆಯ ಅರ್ಧಕ್ಕೆ ಚಾಚುವಷ್ಟು ಕಬ್ಬು ಹೇರಿ ಸಾಲುಸಾಲಾಗಿ ಫ್ಯಾಕ್ಟರಿಗೆ ಸಾಗುತ್ತವೆ. ಹಿಂದೆ ದೀಪವೂ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಮುಸ್ಸಂಜೆ, ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆಯಿತು. ಅದು ಸರಿದಾಗ ಗ್ಲಾಸಿನ ತುಂಬ ಕಬ್ಬಿನ ಗರಿ. ಬ್ರೇಕ್ ಒತ್ತಿದ್ದೆ, ಹಾಗಾಗಿ ಜೀವ ಉಳಿಯಿತು. ಬಾನೆಟ್ಟು ಮಡಚಿ ಮೇಲೆದ್ದಿತ್ತು, ಕೆಳಗೆ ರೇಡಿಯೇಟರಿನ ಹಸಿರು ನೀರು ಹರಿಯುತ್ತಿತ್ತು. ಚಟ್ನಿಪುಡಿಯ ಪೊಟ್ಟಣ ಒಡೆದು ಗಾಡಿಯೊಳಗೆಲ್ಲ ಬೆಳ್ಳುಳ್ಳಿ ಖಾರದ ವಾಸನೆ. ಈಗಲೂ ಆ ವಾಸನೆ ಬಂದರೆ ನನ್ನ ಕೈ ಸಣ್ಣಗೆ ನಡುಗುತ್ತದೆ.

ಟ್ರ್ಯಾಕ್ಟರಿನವ ಇಳಿದು ಓಡಿ ಬಂದ. ಬೈಗುಳಕ್ಕೆ ಸಿದ್ಧಳಾಗಿದ್ದೆ. "ಅಕ್ಕಾರ, ಪೆಟ್ಟ ಬಿತ್ತೇನ್ರಿ? ಹುಡುಗೂರು ಆರಾಮ ಅದಾವಿಲ್ರಿ?" ಅಪ್ಪ ಅಷ್ಟೆಲ್ಲದರ ನಡುವೆ ನನ್ನ ಕಡೆ ತಿರುಗಿ, "ಕೇಳಿದೆಯಾ? ಕನ್ನಡ!" ಎಂದರು.

ಪೊಲೀಸರು ಬಂದರು. ಪಂಚನಾಮೆ ಬರೆಯುವವರು ಗಾಡಿ ಯಾರದು ಎಂದು ಹಿಂದಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ಮೂವತ್ತು ವರ್ಷ ಹಿಂದಿ ಕಲಿಸಿದ ಅಪ್ಪ ನೆಟ್ಟಗೆ ನಿಂತು, ವ್ಯಾಕರಣದಲ್ಲಿ ಒಂದು ತಪ್ಪಿಲ್ಲದೆ, ಕಾಸರಗೋಡಿನಿಂದ ದಿನಕ್ಕೆ ಎರಡು ಸಾವಿರದಂತೆ "ಕಿರಾಯೇ ಪರ್" ತಂದದ್ದು ಎಂದು ಹೇಳಿಕೆ ಕೊಟ್ಟರು. ಹೇಳಿದ್ದು ಸತ್ಯವೇ. ಅದು ಮರಾಠಿಯಲ್ಲಿ ಹಾಗೇ ಬರವಣಿಗೆಗೆ ಇಳಿಯಿತು.

ಊರಿಗೆ ಬಂದ ಮೇಲೆ ಶುರುವಾಯಿತು ನೋಡಿ ನಿಜವಾದ ಅಪಘಾತ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಬಿಟ್ಟರೆ ವಿಮೆ ಅನ್ವಯಿಸುವುದಿಲ್ಲ ಎಂಬ ಒಂದು ಸಾಲು ಇರುತ್ತದೆ, 'ಹೈರ್ ಆರ್ ರಿವಾರ್ಡ್' ಅಂತ. ವಿಮೆ ಕಂಪನಿಯ ಸರ್ವೇಯರ್ ಪಂಚನಾಮೆ ಓದಿ ಆ ಸಾಲಿನ ಮೇಲೆ ಬೆರಳಿಟ್ಟರು, ಕ್ಲೇಮು ಮುಗಿಯಿತು. ಓನರ್ ನಮ್ಮ ಮನೆಗೆ ಬಂದು, ಮುದುಕರಿಗೆ ತಪ್ಪಿ ಬಾಯಿಗೆ ಬಂತು ಅಂತ ಬರೆದುಕೊಡಿ ಎಂದು ಕೂತ. ಅಪ್ಪ ಒಪ್ಪಲಿಲ್ಲ. ಒಪ್ಪಿದ್ದರೂ ಪ್ರಯೋಜನವಿರಲಿಲ್ಲ, ನಾನು ಗೂಗಲ್ ಪೇಯಲ್ಲಿ ದುಡ್ಡು ಹಾಕುವಾಗ 'ಕಾರ್ ರೆಂಟ್ 6 ಡೇಸ್' ಎಂದು ನೀಟಾಗಿ ಬರೆದು ಕಳಿಸಿದ್ದೆ.

ರಿಪೇರಿ 1,40,000. ಸೊಲ್ಲಾಪುರದಿಂದ ಗಾಡಿ ಹೇರಿಕೊಂಡು ಬಂದ ಖರ್ಚು ಬೇರೆ. ವರ್ಕ್‌ಶಾಪಿನಲ್ಲಿ ನಿಂತ 23 ದಿನಕ್ಕೂ ದಿನಕ್ಕೆ 2,000 ಬೇಕೆಂದು ಪಟ್ಟು. ಅವನ ಕೈಯಲ್ಲಿ ನನ್ನ ಖಾಲಿ ಚೆಕ್ಕು. ಪರಿಚಯದವರನ್ನೆಲ್ಲ ನಡುವೆ ಕೂರಿಸಿ, ನಿಂತ ದಿನದ ಲೆಕ್ಕ ಬಿಡಿಸಿ, ಉಳಿದದ್ದನ್ನು ಕಂತಿನಲ್ಲಿ ಕಟ್ಟಿದೆವು. ನನ್ನ ಎರಡು ಬಳೆ ಇನ್ನೂ ಬ್ಯಾಂಕಿನಲ್ಲಿವೆ.

ಆಮೇಲೆ ತಿಳಿದುಕೊಂಡದ್ದನ್ನು ಹೇಳಿಬಿಡುತ್ತೇನೆ. ಖಾಸಗಿ ಕಾರನ್ನು ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 192ಎ ಸೆಕ್ಷನ್ನಿನಲ್ಲಿ ಮೊದಲ ಸಲಕ್ಕೇ 10,000 ರೂಪಾಯಿ ದಂಡವಿದೆ, 6 ತಿಂಗಳವರೆಗೆ ಸಜೆಯೂ ಇದೆ. ಕಾರಿನ ಪಾಲಿಸಿಯ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ ಓಡಿಸುವ ಓನರಿಗೆ ಮಾತ್ರ. ಸ್ಟೇರಿಂಗ್ ಹಿಡಿದದ್ದು ನಾನು, ನನಗೆ ಏನಾಗಿದ್ದರೂ ಅದರಲ್ಲಿ ಬಿಡಿಕಾಸು ಇರಲಿಲ್ಲ. ಆ ಕಬ್ಬಿನ ಹೇರಿನ ಮೇಲೆ ಯಾರಾದರೂ ಕೂಲಿಯವರು ಕೂತಿದ್ದರೆ? ಆ ಯೋಚನೆ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನೀವೇ ಓಡಿಸುವ ಬಾಡಿಗೆ ಕಾರು ಕಾನೂನಿನ ಪ್ರಕಾರ ಇದ್ದರೆ ಅದರ ನಂಬರ್ ಪ್ಲೇಟು ಕಪ್ಪು, ಅಕ್ಷರ ಹಳದಿ. ಡ್ರೈವರ್ ಸಮೇತ ಬರುವ ಟ್ಯಾಕ್ಸಿಯದು ಹಳದಿ ಪ್ಲೇಟು, ಕಪ್ಪು ಅಕ್ಷರ. ಬಿಳಿ ಪ್ಲೇಟು ತೋರಿಸಿದರೆ ಕೀಲಿ ಮುಟ್ಟಬೇಡಿ, ಕೊಡುವವನು ನಿಮ್ಮ ಭಾವನ ಭಾವನೇ ಆದರೂ ಸರಿ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಗಾಡಿಯ ವರ್ಗವೂ ವಿಮೆಯ ಕೊನೆಯ ದಿನವೂ ಎರಡು ನಿಮಿಷದಲ್ಲಿ ಕಾಣುತ್ತದೆ. ಖಾಲಿ ಚೆಕ್ ಮಾತ್ರ ಯಾರಿಗೂ ಕೊಡಬೇಡಿ ಮಾರಾಯ್ರೆ. ಮತ್ತೆ ಕಬ್ಬಿನ ಕಾಲದಲ್ಲಿ ಆ ಕಡೆ ಹೋಗುವವರು ಕತ್ತಲಾಗುವ ಮೊದಲೇ ರೂಮು ಸೇರಿಕೊಳ್ಳಿ.

ಅಕ್ಕಲಕೋಟೆ ನೋಡಲಿಕ್ಕಾಗದೆ ತಿರುಗಿ ಬಂದೆವು. ಟ್ರ್ಯಾಕ್ಟರಿನವ ಅಪ್ಪನ ನಂಬರ್ ತಗೊಂಡಿದ್ದ, ಸಂಕ್ರಾಂತಿಗೆ ಫೋನ್ ಮಾಡಿ "ಮಾಸ್ತರ್ರ, ಮತ್ತ ಯಾವಾಗ ಬರ್ತೀರಿ?" ಎಂದನಂತೆ. ಮಂಗಳೂರಿನಿಂದ ವಿಜಯಪುರಕ್ಕೆ ರೈಲು ಉಂಟಲ್ಲ, ಅಪ್ಪ ಅದರ ಟೈಮು ಬರೆದು ಕ್ಯಾಲೆಂಡರಿಗೆ ಸಿಕ್ಕಿಸಿಟ್ಟಿದ್ದಾರೆ.